ದೊಡ್ಡಬೆಟ್ಟ ಹತ್ತಿದ್ದೀರಿ, ಚಿಕ್ಕಬೆಟ್ಟ ನೋಡಿದ್ದೀರಾ?

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಪರೀಕ್ಷೆಗೆ ಓದೋಕೆ ಕೂತು ಪುಸ್ತಕ ಪಕ್ಕಕ್ಕಿಟ್ಟು ಕೇಳ್ತಿರೋರಿಗೂ ಸ್ವಾಗತ. ಇವತ್ತು ಒಂದು ಬೆಟ್ಟ ಹತ್ತೋಣ. ಹೆದರಬೇಡಿ, ಮೆಟ್ಟಿಲು ಜಾಸ್ತಿ ಇಲ್ಲ.

ಶ್ರವಣಬೆಳಗೊಳ ಅಂದ ತಕ್ಷಣ ಕಣ್ಮುಂದೆ ಬರೋದು ಬಾಹುಬಲಿ. ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗಿರೋದು ಶಾಲೆಯ ಪ್ರವಾಸದಲ್ಲಿ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೂರೂ ಒಂದೇ ದಿನದಲ್ಲಿ. ಸಾಯಂಕಾಲದ ಹೊತ್ತಿಗೆ ಶ್ರವಣಬೆಳಗೊಳ ತಲುಪಿ, ಮೇಷ್ಟ್ರು ವಿಷಲ್ ಊದಿದ ಕೂಡಲೇ ಓಡೋಡಿ ಮೆಟ್ಟಿಲು ಹತ್ತಿ, ಗೊಮ್ಮಟನ ಪಾದದ ಹತ್ತಿರ ನಿಂತು ತಲೆ ಎತ್ತಿ ನೋಡಿ, ಗ್ರೂಪ್ ಫೋಟೋ ತೆಗೆಸಿ ಇಳಿದುಬಿಡ್ತೀವಿ. ಎದುರಿಗಿರೋ ಇನ್ನೊಂದು ಬೆಟ್ಟದ ಕಡೆ ಯಾರೂ ಕೈ ತೋರಿಸಲ್ಲ. ತೋರಿಸಿದ್ರೂ "ಅಲ್ಲಿ ಬರೀ ಸಣ್ಣಸಣ್ಣ ಗುಡಿಗಳಿವೆ" ಅಂತ ಹೇಳಿ ಬಸ್ ಹತ್ತಿಸಿಬಿಡ್ತಾರೆ.

ನಾನು ಇವತ್ತು ಹೇಳಬೇಕು ಅಂತಿರೋದು ಆ ಇನ್ನೊಂದು ಬೆಟ್ಟದ ಕಥೆ. ನನ್ನ ಮಾತು ಇಷ್ಟೇ: ಶ್ರವಣಬೆಳಗೊಳದ ಇತಿಹಾಸ ಶುರುವಾಗಿದ್ದು ಚಿಕ್ಕಬೆಟ್ಟದಲ್ಲಿ. ದೊಡ್ಡಬೆಟ್ಟ ಸೇರಿಕೊಂಡಿದ್ದು ಆಮೇಲೆ. ಚಿಕ್ಕಬೆಟ್ಟದ ಮೇಲೆ ನಿಂತು ಬರೀ ದೂರದ ನೋಟ ನೋಡಿ ಇಳಿದು ಬಂದರೆ, ನಮ್ಮ ಭಾಷೆಯ ತೀರಾ ಹಳೆಯ ಕೆಲವು ಮಾತುಗಳ ಪಕ್ಕದಲ್ಲೇ ನಡೆದು ಹೋಗಿ ಅವನ್ನು ಗಮನಿಸದೇ ಬಂದ ಹಾಗೆ.

ಎರಡು ಬೆಟ್ಟ, ನಡುವೆ ಒಂದು ಕೊಳ

ಮೊದಲು ಜಾಗ ಹೇಗಿದೆ ಅಂತ ಹೇಳಿಬಿಡ್ತೀನಿ. ಹಾಸನ ಜಿಲ್ಲೆ, ಚನ್ನರಾಯಪಟ್ಟಣ ತಾಲ್ಲೂಕು. ಬೆಂಗಳೂರಿನಿಂದ ಸುಮಾರು 145 ಕಿಲೋಮೀಟರ್. ಎರಡು ಬೋಳು ಬಂಡೆ ಬೆಟ್ಟಗಳ ನಡುವೆ ಊರು ಕೂತಿದೆ. ದಕ್ಷಿಣದ ಕಡೆ ದೊಡ್ಡಬೆಟ್ಟ. ಅದನ್ನೇ ವಿಂಧ್ಯಗಿರಿ ಅಂತಾರೆ, ಇಂದ್ರಗಿರಿ ಅಂತಲೂ ಕರೀತಾರೆ. ಉತ್ತರದ ಕಡೆ ಚಿಕ್ಕಬೆಟ್ಟ, ಅಂದ್ರೆ ಚಂದ್ರಗಿರಿ. ಎರಡರ ನಡುವೆ ಕಲ್ಯಾಣಿ. ಬಿಳಿ ಕೊಳ ಅನ್ನೋದೇ ಬೆಳ್ಗೊಳ ಆಗಿ, ಆಮೇಲೆ ಬೆಳಗೊಳ ಆಯ್ತು. ಮುಂದಿರೋ ಶ್ರವಣ ಅನ್ನೋದು ಶ್ರಮಣ, ಅಂದ್ರೆ ಜೈನ ಮುನಿ. ಮುನಿಗಳ ಬಿಳಿಕೊಳ. ಎಷ್ಟು ಚೆಂದದ ಹೆಸರು ನೋಡಿ.

ದೊಡ್ಡಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಚಿಕ್ಕಬೆಟ್ಟದ ಎತ್ತರ ಅದರ ಅರ್ಧಕ್ಕಿಂತಲೂ ಕಡಿಮೆ. ಹತ್ತೋಕೆ ಹದಿನೈದು ನಿಮಿಷ ಸಾಕು. ಎರಡೂ ಕಡೆ ಚಪ್ಪಲಿ ಕೆಳಗೇ ಬಿಡಬೇಕು. ಹಾಗಾಗಿ ನನ್ನ ಸಲಹೆ, ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನ ಆದ್ರೆ ಬಂಡೆ ಕಾದ ಹೆಂಚಾಗಿರುತ್ತೆ, ಇತಿಹಾಸ ಎಲ್ಲ ಮರೆತು ನೆರಳಿಗೆ ಓಡ್ತೀರಿ.

ಮೇಲೆ ಹತ್ತಿ ತಿರುಗಿ ನಿಂತರೆ ಕೆಳಗೆ ಹಸಿರು ಬಣ್ಣದ ಕಲ್ಯಾಣಿ, ಹಂಚಿನ ಮನೆಗಳು, ತೆಂಗಿನ ತೋಟಗಳು, ದೂರಕ್ಕೆ ಕೆರೆಗಳು ಕಾಣಿಸುತ್ತವೆ. ಎದುರಿಗೆ ದೊಡ್ಡಬೆಟ್ಟ. ಅದರ ನೆತ್ತಿಯಲ್ಲಿ ಕಲ್ಲಿನ ಗೋಡೆಗಳ ಮೇಲಿಂದ ಬಾಹುಬಲಿಯ ತಲೆ, ಭುಜ. ಅವನು ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಅಂದ್ರೆ ಅವನು ನೋಡ್ತಿರೋದು ಈ ಕಡೆಗೆ, ಚಿಕ್ಕಬೆಟ್ಟದ ದಿಕ್ಕಿಗೆ. ಅವನ ಸುತ್ತ ಇರೋ ಸುತ್ತಾಲಯ ಕಟ್ಟಿಸಿದ್ದು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ, 12ನೇ ಶತಮಾನದ ಆರಂಭದಲ್ಲಿ. ಅದಕ್ಕೂ ಮುಂಚೆ ಚಿಕ್ಕಬೆಟ್ಟದಲ್ಲಿ ನಿಂತವರಿಗೆ ಆ 58 ಅಡಿಯ ಮೂರ್ತಿ ಇನ್ನೂ ಹೆಚ್ಚು ತೆರೆದು ಕಾಣ್ತಿತ್ತು ಅಂತ ಊಹಿಸಿಕೊಳ್ಳಿ.

ಬಾಣ ಬಿಟ್ಟಿದ್ದು ಇಲ್ಲಿಂದಲೇ

ಈ ನೋಟಕ್ಕೆ ಅಂಟಿಕೊಂಡು ಒಂದು ಐತಿಹ್ಯ ಇದೆ. ಗಂಗರ ಮಂತ್ರಿ, ಸೇನಾಪತಿ ಚಾವುಂಡರಾಯ. ಅವನ ತಾಯಿ ಕಾಳಲಾದೇವಿಗೆ ಪೌದನಪುರದಲ್ಲಿರೋ ಬಾಹುಬಲಿಯ ಮೂರ್ತಿ ನೋಡಬೇಕು ಅಂತ ಹಂಬಲ. ತಾಯಿ, ಮಗ, ಗುರು ನೇಮಿಚಂದ್ರರು ಎಲ್ಲ ಹೊರಟು ದಾರಿಯಲ್ಲಿ ಬೆಳಗೊಳದಲ್ಲಿ ತಂಗುತ್ತಾರೆ. ರಾತ್ರಿ ಕನಸಲ್ಲಿ ದೇವತೆ ಬಂದು, ನೀವು ಅಲ್ಲಿಯವರೆಗೆ ಹೋಗೋದು ಆಗಲ್ಲ, ಈ ಚಿಕ್ಕಬೆಟ್ಟದಿಂದ ಎದುರು ಬೆಟ್ಟಕ್ಕೆ ಬಾಣ ಬಿಡು, ಬಾಹುಬಲಿ ಅಲ್ಲೇ ಕಾಣಿಸ್ತಾನೆ ಅಂತ ಹೇಳ್ತಾಳೆ. ಚಾವುಂಡರಾಯ ಬೆಳಿಗ್ಗೆ ಎದ್ದು ಬಾಣ ಬಿಟ್ಟ, ಎದುರು ಬಂಡೆಯಲ್ಲಿ ಮೂರ್ತಿ ಗೋಚರಿಸಿತು. ಅವನು ನಿಂತ ಬಂಡೆ ಅಂತ ಇವತ್ತಿಗೂ ಚಿಕ್ಕಬೆಟ್ಟದ ಬುಡದಲ್ಲಿ ಒಂದು ಬಂಡೆ ತೋರಿಸ್ತಾರೆ, ಚಾವುಂಡರಾಯನ ಬಂಡೆ ಅಂತಲೇ ಅದರ ಹೆಸರು.

ಇದು ಕಥೆ. ಇತಿಹಾಸ ಏನು ಹೇಳುತ್ತೆ? ಚಾವುಂಡರಾಯ ಗಂಗ ದೊರೆಗಳಾದ ಮಾರಸಿಂಹ, ರಾಚಮಲ್ಲ ಇಬ್ಬರ ಕಾಲದಲ್ಲೂ ದೊಡ್ಡ ಹುದ್ದೆಯಲ್ಲಿದ್ದ. ಯುದ್ಧ ಮಾಡಿದ, 978ರಲ್ಲಿ ಕನ್ನಡ ಗದ್ಯದಲ್ಲಿ ಚಾವುಂಡರಾಯ ಪುರಾಣ ಬರೆದ, ಕವಿ ರನ್ನನಿಗೆ ಆಸರೆಯಾದ, 981ರ ಸುಮಾರಿಗೆ ಬಾಹುಬಲಿಯನ್ನ ಮಾಡಿಸಿದ. ಬಾಣದ ಕಥೆಯನ್ನ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಅದರೊಳಗೊಂದು ನೆನಪು ಉಳಿದಿದೆ ಅನ್ಸುತ್ತೆ ನನಗೆ. ಚಾವುಂಡರಾಯ ಇಲ್ಲಿಗೆ ಬಂದಾಗ ಈ ಚಿಕ್ಕಬೆಟ್ಟ ಆಗಲೇ ಪವಿತ್ರ ಜಾಗ ಆಗಿತ್ತು. ಎದುರಿನದು ಇನ್ನೂ ಬರೀ ಬಂಡೆ. ಕಥೆಯಲ್ಲೂ ಹಾಗೇ ಅಲ್ವಾ? ಇಲ್ಲಿ ನಿಂತವರ ಕಣ್ಣಿಗೆ ಅದು ಬಿತ್ತು.

ಹಾಗಾದ್ರೆ ಬಾಹುಬಲಿಗಿಂತ ಮುಂಚೆ ಈ ಬೆಟ್ಟದಲ್ಲಿ ಏನಿತ್ತು?

ಬಂಡೆ ಹೇಳೋ ಮೊದಲ ಕಥೆ

ಆಗ ಇದರ ಹೆಸರು ಕಳ್ಬಪ್ಪು. ಸಂಸ್ಕೃತದಲ್ಲಿ ಕಟವಪ್ರ. ಇಲ್ಲಿರೋ ಪಾರ್ಶ್ವನಾಥ ಬಸದಿಯ ಹತ್ತಿರ ನೆಲದ ಬಂಡೆಯ ಮೇಲೆ ಒಂದು ಶಾಸನ ಇದೆ. ಕಾಲ ಸುಮಾರು ಕ್ರಿ.ಶ. 600. ಅಂದ್ರೆ ಬಾಹುಬಲಿ ಮೂರ್ತಿಗಿಂತ ಹತ್ತಿರಹತ್ತಿರ ನಾಲ್ಕುನೂರು ವರ್ಷ ಹಿಂದಿನದು. ಭಾಷೆ ಸಂಸ್ಕೃತ, ಲಿಪಿ ನಮ್ಮ ಹಳೆಯ ಕನ್ನಡದ್ದು.

ಅದು ಹೇಳೋ ಕಥೆ ಹೀಗಿದೆ. ಉಜ್ಜಯಿನಿಯಲ್ಲಿ ಭದ್ರಬಾಹು ಅನ್ನೋ ಆಚಾರ್ಯರು ಹನ್ನೆರಡು ವರ್ಷದ ದೊಡ್ಡ ಆಪತ್ತು ಬರುತ್ತೆ ಅಂತ ಮುಂಚೆಯೇ ಹೇಳಿದರು. ಮುನಿಗಳ ಸಂಘ ಎಲ್ಲ ಉತ್ತರದಿಂದ ದಕ್ಷಿಣಕ್ಕೆ ಹೊರಟಿತು. ದಾರಿಯಲ್ಲಿ ಕಟವಪ್ರ ಅನ್ನೋ ಈ ಬೆಟ್ಟಕ್ಕೆ ಬಂದಾಗ ಪ್ರಭಾಚಂದ್ರ ಅನ್ನೋ ಆಚಾರ್ಯರಿಗೆ ತಮ್ಮ ಆಯುಸ್ಸು ಮುಗೀತು ಅಂತ ಗೊತ್ತಾಯ್ತು. ಸಂಘವನ್ನ ಮುಂದಕ್ಕೆ ಕಳಿಸಿ, ಒಬ್ಬ ಶಿಷ್ಯನನ್ನ ಮಾತ್ರ ಜೊತೆಗಿಟ್ಟುಕೊಂಡು ಇಲ್ಲೇ ಸಮಾಧಿ ಹೊಂದಿದರು. ಆಮೇಲೆ ಕಾಲಕಾಲಕ್ಕೆ ಏಳುನೂರು ಋಷಿಗಳು ಇದೇ ಬೆಟ್ಟದಲ್ಲಿ ಸಮಾಧಿ ಹೊಂದಿದರು.

ಈಗ ನೀವು ಕೇಳ್ತೀರಿ, ಚಂದ್ರಗುಪ್ತ ಮೌರ್ಯ ಎಲ್ಲಿ? ಶಾಲೆಯ ಪುಸ್ತಕದಲ್ಲಿ ಓದಿದ್ದೀವಲ್ಲ, ಮೌರ್ಯ ಚಕ್ರವರ್ತಿ ಸಿಂಹಾಸನ ಬಿಟ್ಟು ಭದ್ರಬಾಹುವಿನ ಜೊತೆ ಇಲ್ಲಿಗೆ ಬಂದ ಅಂತ? ಈ ಮೊದಲ ಶಾಸನದಲ್ಲಿ ಅವನ ಹೆಸರಿಲ್ಲ. ಸುಮಾರು ಐವತ್ತು ವರ್ಷದ ನಂತರದ ಇನ್ನೊಂದು ಶಾಸನ ಭದ್ರಬಾಹು, ಚಂದ್ರಗುಪ್ತ ಇಬ್ಬರು ಮುನಿಗಳ ಹೆಸರನ್ನ ಜೋಡಿಯಾಗಿ ಹೇಳುತ್ತೆ. 931ರಲ್ಲಿ ಹರಿಷೇಣ ಬರೆದ ಬೃಹತ್ಕಥಾಕೋಶದಲ್ಲಿ, ನಮ್ಮ ಕನ್ನಡದ ವಡ್ಡಾರಾಧನೆಯಲ್ಲಿ ಭದ್ರಬಾಹುವಿನ ಕಥೆ ಬರುತ್ತೆ. ಪ್ರಭಾಚಂದ್ರ ಅನ್ನೋದು ಚಂದ್ರಗುಪ್ತನಿಗೆ ದೀಕ್ಷೆಯಾದ ಮೇಲಿನ ಹೆಸರು ಅಂತ ಕೆಲವರು ಹೇಳ್ತಾರೆ. ಬಿ.ಎಲ್. ರೈಸ್, ವಿನ್ಸೆಂಟ್ ಸ್ಮಿತ್ ಥರದ ವಿದ್ವಾಂಸರು ಈ ಪರಂಪರೆಯನ್ನ ಒಪ್ಪಿದರು. ಒಪ್ಪದವರು ಹೇಳೋದು ಏನಂದ್ರೆ, ಮೌರ್ಯರ ಕಾಲಕ್ಕೂ ಈ ಶಾಸನಕ್ಕೂ ನಡುವೆ ಒಂಬತ್ತು ಶತಮಾನ ಇದೆ, ಅಷ್ಟು ದೊಡ್ಡ ಅಂತರಕ್ಕೆ ಇದೊಂದೇ ಸಾಕ್ಷಿ ಸಾಲದು ಅಂತ.

ಹೀಗೆ ಇತಿಹಾಸ ಓದುವಾಗ ಎರಡು ವಿಷಯ ಬೇರೆಬೇರೆ ಇಟ್ಕೊಳ್ಳೋದು ಒಳ್ಳೇದು. ಕಲ್ಲು ಏನು ಹೇಳ್ತಿದೆ, ಜನ ಏನು ನೆನಪಿಟ್ಕೊಂಡಿದ್ದಾರೆ. ಎರಡಕ್ಕೂ ಬೆಲೆ ಇದೆ. ಜನರ ನೆನಪು ಎಷ್ಟು ಗಟ್ಟಿ ಅಂದ್ರೆ, ಇದೇ ಬೆಟ್ಟದ ಚಂದ್ರಗುಪ್ತ ಬಸದಿಯಲ್ಲಿ 12ನೇ ಶತಮಾನದಲ್ಲಿ ದಾಸೋಜ ಅನ್ನೋ ಶಿಲ್ಪಿ ಎರಡು ಕಲ್ಲಿನ ಜಾಲಂಧ್ರ ಕೆತ್ತಿದ್ದಾನೆ. ಒಟ್ಟು ತೊಂಬತ್ತು ಚಿಕ್ಕಚಿಕ್ಕ ಚೌಕಗಳಲ್ಲಿ ಭದ್ರಬಾಹು, ಚಂದ್ರಗುಪ್ತರ ಕಥೆ. ಕಾಮಿಕ್ ಪುಸ್ತಕ ಓದೋ ಹಾಗೆ ಚೌಕ ಚೌಕ ಓದ್ಕೊಂಡು ಹೋಗಬಹುದು. ಹೋದಾಗ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಸಮಾಧಾನವಾಗಿ ನೋಡಿ. ದಾಸೋಜ ತನ್ನ ಹೆಸರನ್ನೂ ಅದರಲ್ಲಿ ಕೆತ್ತಿದ್ದಾನೆ.

ಕಾಲ ಕೆಳಗಿನ ಕನ್ನಡ

ಶ್ರವಣಬೆಳಗೊಳ ಮತ್ತು ಸುತ್ತಮುತ್ತ ಸಿಕ್ಕಿರೋ ಶಾಸನಗಳ ಲೆಕ್ಕ ಕೇಳಿ. 1889ರಲ್ಲಿ ರೈಸ್ ಪ್ರಕಟಿಸಿದಾಗ 144. 1923ರಲ್ಲಿ ಆರ್. ನರಸಿಂಹಾಚಾರ್ ಮತ್ತೆ ಹುಡುಕಿ ಪ್ರಕಟಿಸಿದಾಗ 500. 1973ರ ಆವೃತ್ತಿಯಲ್ಲಿ 573. ಇದರಲ್ಲಿ 271 ಚಿಕ್ಕಬೆಟ್ಟದಲ್ಲೇ ಇವೆ. ದೊಡ್ಡಬೆಟ್ಟದಲ್ಲಿ 172. ಉಳಿದದ್ದು ಊರೊಳಗೆ, ಸುತ್ತಲ ಹಳ್ಳಿಗಳಲ್ಲಿ. ಸಣ್ಣ ಬೆಟ್ಟದ ಮೇಲೆ ದೊಡ್ಡ ಪಾಲು.

ಹಳೆಯ ಶಾಸನಗಳಲ್ಲಿ ಬಹಳಷ್ಟು ತೀರಾ ಚಿಕ್ಕವು. ಒಂದು ಸಾಲು, ಎರಡು ಸಾಲು, ನಾಲ್ಕು ಸಾಲು. ಬೋಳು ಬಂಡೆಯ ಮೇಲೆ ನೇರವಾಗಿ ಕೊರೆದದ್ದು. ಇಂಥ ಊರಿನ, ಇಂಥ ಗುರುವಿನ ಶಿಷ್ಯರು, ವ್ರತ ಹಿಡಿದು, ಇಲ್ಲಿ ಮುಡಿಪಿದರು. "ಮುಡಿಪು" ಅಂದ್ರೆ ಈಗ ನಾವು ದೇವರಿಗೆ ಎತ್ತಿಟ್ಟ ಹಣಕ್ಕೆ ಹೇಳ್ತೀವಿ. ಆಗ ದೇಹವನ್ನೇ ಹಾಗೆ ಒಪ್ಪಿಸಿಬಿಡೋದಕ್ಕೂ ಅದೇ ಪದ. ಇವನ್ನ ನಿಸಿಧಿ ಅಂತಾರೆ. ಮುನಿಗಳು ಮಾತ್ರ ಅಂದ್ಕೋಬೇಡಿ. ಗಂತಿಯರು, ಅಂದ್ರೆ ಜೈನ ಸನ್ಯಾಸಿನಿಯರು, ಅವರ ಹೆಸರುಗಳೂ ಇವೆ. ನಾಗಮತಿ ಗಂತಿ, ಶಶಿಮತಿ ಗಂತಿ. ರಾಜನೂ ಅಲ್ಲದ, ರಾಣಿಯೂ ಅಲ್ಲದ, ಸಾವಿರದ ಮುನ್ನೂರು ವರ್ಷ ಹಿಂದಿನ ಹೆಣ್ಣುಮಕ್ಕಳ ಹೆಸರು ನಮಗೆ ಬೇರೆ ಎಲ್ಲಿ ಸಿಗುತ್ತೆ ಹೇಳಿ?

ಅವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ನಂದಿಸೇನ ಅನ್ನೋ ಮುನಿಯ ನಿಸಿಧಿ. ಕಾಲ ಸುಮಾರು 700. ಅದು ಒಂದು ಕನ್ನಡ ಪದ್ಯ. ರೂಪ, ಸುಖ, ಸಂಪತ್ತು ಎಲ್ಲ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ಬೇಗ ಕರಗಿ ಹೋಗುತ್ತೆ, ಭೂಮಿ ಮೇಲೆ ಇದು ಯಾರಿಗೂ ಶಾಶ್ವತ ಅಲ್ಲ ಅಂತ ತಿಳಿದ ನಂದಿಸೇನ ಎಲ್ಲ ತೊರೆದ, ಅನ್ನೋದು ಅದರ ಭಾವ. ಇಷ್ಟು ಎತ್ತರದ ಬಯಲು ಬಂಡೆಯ ಮೇಲೆ ನಿಂತವನಿಗೆ ಕಾಮನಬಿಲ್ಲು, ಮಿಂಚು, ಮಂಜು ಬಿಟ್ಟು ಇನ್ನೇನು ಹೋಲಿಕೆ ಹೊಳೆಯುತ್ತೆ? ಮಳೆಗಾಲದಲ್ಲಿ ಅಲ್ಲಿ ನಿಂತ್ರೆ ಮೂರೂ ಕಣ್ಣಿಗೇ ಬೀಳುತ್ತೆ.

ಈಗ ಇದರ ತೂಕ ಎಷ್ಟು ಅಂತ ನೋಡಿ. ನಮಗೆ ಸಿಕ್ಕಿರೋ ಕನ್ನಡದ ಮೊದಲ ಪುಸ್ತಕ ಕವಿರಾಜಮಾರ್ಗ. ಅದು 850ರ ಸುಮಾರಿನದು. ನಂದಿಸೇನನ ಪದ್ಯ ಅದಕ್ಕಿಂತ ಒಂದೂವರೆ ಶತಮಾನ ಹಿಂದಿನದು. ಬಾದಾಮಿಯ ಕಪ್ಪೆ ಅರಭಟ್ಟನ ತ್ರಿಪದಿ ಕೇಳಿದ್ದೀರಲ್ಲ, ಅದೂ ಹೆಚ್ಚುಕಡಿಮೆ ಇದೇ ಕಾಲದ್ದು. ಕನ್ನಡದಲ್ಲಿ ಉಳಿದಿರೋ ಅತಿ ಹಳೆಯ ಪದ್ಯಗಳ ಸಾಲಿನಲ್ಲಿ ಚಿಕ್ಕಬೆಟ್ಟದ ಈ ಪದ್ಯಗಳಿಗೂ ಜಾಗ ಇದೆ. ಬರೆದವರ ಹೆಸರಿಲ್ಲ. ಓಲೆಗರಿಯಲ್ಲಿ ಬರೆದದ್ದೆಲ್ಲ ಗೆದ್ದಲಿಗೆ, ಮಳೆಗೆ ಹೋಯ್ತು. ಇದು ಉಳೀತು, ಯಾಕಂದ್ರೆ ಸತ್ತವರ ನೆನಪಿಗೆ ಯಾರೋ ಉಳಿ ಸುತ್ತಿಗೆ ಹಿಡಿದು ಬಂಡೆ ಮೇಲೆ ಕೂತರು.

ಸಲ್ಲೇಖನ: ಒಂದು ಕಷ್ಟದ ಪ್ರಶ್ನೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ವ್ರತದ ಹೆಸರು ಸಲ್ಲೇಖನ. ಸಮಾಧಿಮರಣ ಅಂತಲೂ ಹೇಳ್ತಾರೆ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಇದಕ್ಕೆ ಸಂದರ್ಭಗಳನ್ನ ಹೇಳುತ್ತೆ. ತಪ್ಪಿಸಿಕೊಳ್ಳಲಾಗದ ಆಪತ್ತು, ಬರಗಾಲ, ಮುಪ್ಪು, ವಾಸಿಯಾಗದ ಕಾಯಿಲೆ. ಗುರುವಿನ ಅನುಮತಿ ಬೇಕು. ಎಲ್ಲರ ಹತ್ತಿರ ಕ್ಷಮೆ ಕೇಳಬೇಕು. ಸಿಟ್ಟಿನಿಂದ, ಬೇಸರದಿಂದ, ಆಸೆಯಿಂದ ಮಾಡೋ ಹಾಗಿಲ್ಲ. ಆಹಾರ ಮೆಲ್ಲಮೆಲ್ಲಗೆ ಕಡಿಮೆ ಆಗುತ್ತೆ. ಹಾಗಾಗಿ ಇದು ಆತ್ಮಹತ್ಯೆ ಅಲ್ಲ ಅನ್ನೋದು ಜೈನ ಪರಂಪರೆಯ ಖಚಿತ ನಿಲುವು.

ಇದು ಹಳೇ ಕಾಲದ ಚರ್ಚೆ ಮಾತ್ರ ಅಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಈ ಆಚರಣೆಯನ್ನ ಅಪರಾಧ ಅಂತ ಹೇಳಿತು. ದೇಶದ ನಾನಾ ಊರುಗಳಲ್ಲಿ ಜೈನ ಸಮುದಾಯ ಮೌನ ಮೆರವಣಿಗೆ ಮಾಡಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಒಂದು ಕಡೆ ಧರ್ಮದ ಹಕ್ಕು, ಇನ್ನೊಂದು ಕಡೆ ಜೀವ ಕಾಪಾಡೋ ಸರ್ಕಾರದ ಹೊಣೆ. ಎರಡರ ನಡುವಿನ ಗೆರೆ ಎಲ್ಲಿ ಎಳೀಬೇಕು ಅಂತ ಯೋಚಿಸೋರಿಗೆ ಈ ಬೆಟ್ಟ ಒಂದು ದೊಡ್ಡ ದಾಖಲೆ. ಇತಿಹಾಸಕಾರ ಷ. ಶೆಟ್ಟರ್ ಇದೇ ಬೆಟ್ಟದ ಶಾಸನಗಳನ್ನ ಇಟ್ಕೊಂಡು ಸಾವನ್ನ ಜನ ಹೇಗೆ ಕಂಡರು ಅನ್ನೋದರ ಬಗ್ಗೆ ‘ಇನ್ವೈಟಿಂಗ್ ಡೆತ್’ ಅನ್ನೋ ಪುಸ್ತಕ ಬರೆದರು. ಒಂದೇ ಪದದ ಹಿಂದೆ ಎಷ್ಟು ಬೇರೆಬೇರೆ ಮನುಷ್ಯರಿದ್ದಾರೆ ಅನ್ನೋದು ಅದನ್ನ ಓದಿದ್ರೆ ಗೊತ್ತಾಗುತ್ತೆ.

ಕೇಳ್ತಿರೋ ಕಿರಿಯರಿಗೆ ಒಂದು ಮಾತು. ನಾನು ಇದನ್ನ ಹೇಳ್ತಿರೋದು ಇತಿಹಾಸವಾಗಿ. ಮನಸ್ಸು ಕುಗ್ಗಿದಾಗ ಯಾರ ಹತ್ತಿರವಾದ್ರೂ ಮಾತಾಡಿ, ಮನೆಯವರ ಹತ್ತಿರ, ಸ್ನೇಹಿತರ ಹತ್ತಿರ. ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಪೋಲೊ ಆಡ್ತಿದ್ದ ಕೊನೆಯ ರಾಜ

ಸರಿ, ಬೆಟ್ಟದ ಮೇಲೆ ಇನ್ನೂ ಸ್ವಲ್ಪ ನಡೆಯೋಣ. ಬಸದಿಗಳ ಸುತ್ತುಗೋಡೆಯ ದಕ್ಷಿಣ ಬಾಗಿಲ ಹತ್ತಿರ ಎತ್ತರದ ಕಂಬ ಇದೆ. ಕೂಗೆ ಬ್ರಹ್ಮದೇವರ ಕಂಬ. ಅದರ ಮೇಲಿನ ಶಾಸನ ಗಂಗ ದೊರೆ ಮಾರಸಿಂಹನದು. ಅವನು ಗೆದ್ದ ಯುದ್ಧಗಳ ಪಟ್ಟಿಯೇ ಇದೆ. ಕೊನೆಗೆ ಅವನು ರಾಜ್ಯ ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಗುರುಗಳ ಎದುರು ಸಲ್ಲೇಖನ ಕೈಗೊಂಡು 974ರಲ್ಲಿ ತೀರಿಕೊಂಡ ಅಂತ ಹೇಳುತ್ತೆ.

ಯಾಕೆ? ಅದಕ್ಕೆ ಅವನ ಸೋದರಳಿಯನ ಕಥೆ ಕೇಳಬೇಕು. ರಾಷ್ಟ್ರಕೂಟರು ಎರಡು ಶತಮಾನ ದಖ್ಖನ್ ಆಳಿದವರು. 973ರಲ್ಲಿ ಚಾಲುಕ್ಯ ತೈಲಪ ಅವರನ್ನ ಕೆಡವಿದ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಮೊಮ್ಮಗ ನಾಲ್ಕನೇ ಇಂದ್ರ. ಅವನನ್ನ ಮತ್ತೆ ಸಿಂಹಾಸನದಲ್ಲಿ ಕೂರಿಸೋಕೆ ಸೋದರಮಾವ ಮಾರಸಿಂಹ ಹೋರಾಡಿದ. ಆಗಲಿಲ್ಲ. ಮಾವ ಬಂಕಾಪುರದಲ್ಲಿ ಕಣ್ಮುಚ್ಚಿದ. ಎಂಟು ವರ್ಷದ ನಂತರ, 982ರಲ್ಲಿ, ರಾಜ್ಯವೇ ಇಲ್ಲದ ಆ ರಾಜ ಬೆಳಗೊಳದಲ್ಲಿ ಅದೇ ದಾರಿ ಹಿಡಿದ.

ಅವನ ನೆನಪಿನ ಕಂಬ ಗಂಧವಾರಣ ಬಸದಿಯ ಹತ್ತಿರ ಇದೆ. ರಾಷ್ಟ್ರಕೂಟ ವಂಶದ ಕೊನೆಯವನ ಬಗ್ಗೆ ಶಾಸನ ಏನು ಬರೆದಿರಬಹುದು ಅಂದ್ಕೋತೀರಿ? ಸೋಲಿನ ದುಃಖ? ಶತ್ರುಗಳ ಮೇಲೆ ಶಾಪ? ಅದು ಸಾಲುಸಾಲಾಗಿ ಹೊಗಳೋದು ಅವನ ಚೆಂಡಾಟವನ್ನ! ಕುದುರೆ ಮೇಲೆ ಕೂತು ಆಡೋ ಚೆಂಡಾಟ, ಇವತ್ತಿನ ಪೋಲೊ ಥರದ್ದು. ಕುದುರೆಯನ್ನ ಹೇಗೆ ತಿರುಗಿಸ್ತಿದ್ದ, ಚೆಂಡನ್ನ ಹೇಗೆ ಹೊಡೀತಿದ್ದ, ಅವನ ಮುಂದೆ ಯಾರೂ ನಿಲ್ತಿರಲಿಲ್ಲ ಅಂತ. ಆ ಕಂಬದ ಮುಂದೆ ನಿಂತಾಗ ನನಗೆ ಅನ್ಸಿದ್ದು, ಇದನ್ನ ಬರೆದವರು ಅವನನ್ನ ಹತ್ತಿರದಿಂದ ಬಲ್ಲವರಿರಬೇಕು ಅಂತ. ಗೆಳೆಯ ಹೋದಾಗ ನಾವೂ ಹಾಗೇ ಅಲ್ವಾ? ಅವನ ಕೆಲಸ, ಪದವಿ ಬಿಟ್ಟು, "ಏನ್ ಆಡ್ತಿದ್ದ ಮಾರಾಯ" ಅಂತ ನೆನೆಸ್ಕೋತೀವಿ.

ಮಗಳನ್ನು ಕಳೆದುಕೊಂಡ ತಾಯಿ

ಅಲ್ಲೇ ಪಕ್ಕದ ಸವತಿಗಂಧವಾರಣ ಬಸದಿ ಕಟ್ಟಿಸಿದ್ದು ವಿಷ್ಣುವರ್ಧನನ ರಾಣಿ ಶಾಂತಲಾದೇವಿ, 1123ರಲ್ಲಿ. ಸವತಿಯರ ಪಾಲಿಗೆ ಮದ್ದಾನೆ ಅನ್ನೋದು ಆಕೆಯ ಬಿರುದು, ಅದೇ ಬಸದಿಯ ಹೆಸರಾಯ್ತು. ಶಾಂತಲೆ ಅಂದ್ರೆ ನಮಗೆ ಬೇಲೂರಿನ ನಾಟ್ಯರಾಣಿ, ಕೆ.ವಿ. ಅಯ್ಯರ್ ಕಾದಂಬರಿ ನೆನಪಾಗುತ್ತೆ. ಇಲ್ಲಿ ಆಕೆ ಜೈನ ಶ್ರಾವಕಿ. ಆಕೆಯ ಮನೆ ಎಂಥದ್ದು ನೋಡಿ. ತಂದೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆ ಜೈನಳು. ಗಂಡ ವೈಷ್ಣವನಾದ ಅಂತ ಪರಂಪರೆ ಹೇಳುತ್ತೆ. ಒಂದೇ ಕುಟುಂಬದಲ್ಲಿ ಮೂರು ದಾರಿ.

1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಈ ಬಸದಿಯ ಒಂದು ಕಂಬದ ಶಾಸನ ಮುಂದಿನದನ್ನ ಹೇಳುತ್ತೆ. ಮಗಳು ಹೋದ ಮೇಲೆ ತಾನು ಹಿಂದೆ ಉಳಿಯಲಾರೆ ಅಂತ ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಗುರುಗಳ ಎದುರು ವ್ರತ ಹಿಡಿದು, ಬಂಧುಗಳನ್ನ ಬೀಳ್ಕೊಟ್ಟು, ಅರೆಮುಚ್ಚಿದ ಕಣ್ಣಲ್ಲಿ ಮಂತ್ರ ಹೇಳ್ತಾ, ಒಂದು ತಿಂಗಳ ಉಪವಾಸದಲ್ಲಿ ಪ್ರಾಣ ಬಿಟ್ಟಳು.

ಶಾಸ್ತ್ರದಲ್ಲಿ ದುಃಖದಿಂದ ಈ ವ್ರತ ಹಿಡಿಯೋ ಹಾಗಿಲ್ಲ ಅಂತ ಈಗತಾನೇ ಹೇಳಿದೆ. ಕಲ್ಲು ಮಾತ್ರ ತಾಯಿಯ ದುಃಖವನ್ನ ಮುಚ್ಚಿಟ್ಟಿಲ್ಲ. ವ್ರತ ಎಲ್ಲಿ ಶುರುವಾಯ್ತು, ಶೋಕ ಎಲ್ಲಿ ಮುಗೀತು ಅಂತ ಗೆರೆ ಎಳೆಯೋದು ಓದೋ ನಮಗೇ ಬಿಟ್ಟಿದೆ. ಪುಸ್ತಕದ ನಿಯಮಕ್ಕೂ ಬದುಕಿನ ನಡೆಗೂ ನಡುವೆ ಇರೋ ಜಾಗ ಇದು. ಇಂಥದ್ದು ಸಿಗೋದು ಶಾಸನದಲ್ಲೇ.

ಕವಿಯ ಸಹಿ

ಎಲ್ಲವೂ ಸಾವಿನ ಮಾತೇ ಆಯ್ತು ಅನ್ಬೇಡಿ. ಈ ಬಂಡೆಗಳ ಮೇಲೆ ಬಂದುಹೋದ ಯಾತ್ರಿಕರ ಹೆಸರುಗಳೂ ಇವೆ. ಈಗ ನಾವು ಬೆಟ್ಟದ ಮೇಲೆ ನಿಂತು ಲೊಕೇಶನ್ ಹಾಕಿ ಸ್ಟೋರಿ ಪೋಸ್ಟ್ ಮಾಡ್ತೀವಲ್ಲ, ಅವರು ಕಲ್ಲಿನ ಮೇಲೆ ಹೆಸರು ಬರೆದರು. ಅಂಥದ್ದೊಂದು ಹೆಸರು ‘ಕವಿರತ್ನ’. ಇದು ಮಹಾಕವಿ ರನ್ನನ ಸಹಿ ಅಂತ ವಿದ್ವಾಂಸರು ಗುರುತಿಸಿದ್ದಾರೆ. ಮುಧೋಳದ ಬಳೆಗಾರರ ಮನೆಯ ಹುಡುಗ, ಓದಬೇಕು ಅಂತ ಅಷ್ಟು ದೂರದಿಂದ ಗಂಗರ ನಾಡಿಗೆ ಬಂದವನು, ಚಾವುಂಡರಾಯನ ಆಶ್ರಯದಲ್ಲಿ, ಅಜಿತಸೇನರ ಕೈಕೆಳಗೆ ಕಲಿತವನು. ಗದಾಯುದ್ಧದ ಕವಿ. ಅವನ ಕೈಬರಹ ಅಂತ ನಮ್ಮ ಹತ್ತಿರ ಓಲೆಗರಿ ಒಂದೂ ಇಲ್ಲ, ಈ ಬಂಡೆಯ ಮೇಲಿನ ಅಕ್ಷರ ಇದೆ.

ಹಾಗಂತ ನೀವೂ ಬರೀಬೇಡಿ! ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ. ಇಲ್ಲಿ ಗೀಚಿದ್ರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಅಕ್ಷರಗಳು ತೀರಾ ಆಳವಾಗಿಲ್ಲ. ಸಾವಿರದ ನಾನೂರು ಮಳೆಗಾಲ ಕಂಡಿವೆ. ನಿಮ್ಮ ಕೀ ಚೈನಿನ ಒಂದು ಗೀರು, ಒಂದು ಹೃದಯದ ಚಿತ್ರ, ಯಾವುದೋ ಗಂತಿಯ ಹೆಸರಿನ ಒಂದು ಅಕ್ಷರ ಅಳಿಸಿಹಾಕಬಹುದು. ಆಕೆಗೆ ಇರೋದು ಅದೊಂದೇ ಸಾಲು. ಬೇರೆ ಪುಸ್ತಕ ಇಲ್ಲ, ಬೇರೆ ಚಿತ್ರ ಇಲ್ಲ.

ಇಳಿಯುವ ದಾರಿಯಲ್ಲಿ ಇನ್ನೊಂದು ಕಲ್ಲು

ಬೆಟ್ಟ ಇಳಿದು ಊರೊಳಗೆ ಬಂದರೆ ಭಂಡಾರಿ ಬಸದಿ ಸಿಗುತ್ತೆ. ಅಲ್ಲಿ 1368ರ ಒಂದು ಶಾಸನ ಇದೆ, ವಿಜಯನಗರದ ಬುಕ್ಕರಾಯನದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಆಗಿತ್ತು. ಜೈನರು ರಾಜನ ಹತ್ತಿರ ದೂರು ಕೊಟ್ಟರು. ಬುಕ್ಕರಾಯ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು, ನಿಮ್ಮ ದರ್ಶನಕ್ಕೂ ಅವರ ದರ್ಶನಕ್ಕೂ ಭೇದ ಇಲ್ಲ, ಅವರಿಗೆ ಹಾನಿಯಾದ್ರೆ ನಿಮಗಾದ ಹಾಗೆ ಅಂತ ತೀರ್ಪು ಕೊಟ್ಟ. ಬರೀ ಒಳ್ಳೇ ಮಾತು ಹೇಳಿ ಕಳಿಸಲಿಲ್ಲ, ವ್ಯವಸ್ಥೆಯನ್ನೂ ಮಾಡಿದ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ತಿರುಮಲೆಯ ತಾತಯ್ಯ ಅನ್ನೋ ವೈಷ್ಣವ ಹಿರಿಯರು ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲುಗಾರರನ್ನ ನೇಮಿಸಬೇಕು. ಮಿಕ್ಕ ಹಣದಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಹೊಡೆಸಿ ರಿಪೇರಿ ಮಾಡಿಸಬೇಕು. ಒಂದು ಸಮುದಾಯದ ದೇವರನ್ನ ಕಾಯೋ ಹೊಣೆ ಇನ್ನೊಂದು ಸಮುದಾಯದ ಹೆಗಲಿಗೆ. ಇವತ್ತಿನ ವಾಟ್ಸಾಪ್ ಜಗಳಗಳನ್ನ ನೋಡ್ತಾ ಇರೋ ನಮಗೆ ಇದನ್ನ ಒಮ್ಮೆ ಓದಿಕೊಳ್ಳೋದು ಒಳ್ಳೇದು.

ಕೊನೆಗೆ ಸ್ವಲ್ಪ ಉಪಯೋಗದ ಮಾತು. ಬಾಹುಬಲಿಗೆ ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ. ಕಳೆದ ಸಲ ಆಗಿದ್ದು 2018ರಲ್ಲಿ. ಆಗ ಹೋದ್ರೆ ಕಾಲಿಡೋಕೂ ಜಾಗ ಇರಲ್ಲ. ಮಾಮೂಲಿ ದಿನ ನೋಡಿ ಹೋಗಿ. ಬೆಳಿಗ್ಗೆ ಮೊದಲು ಚಿಕ್ಕಬೆಟ್ಟ, ಆಮೇಲೆ ದೊಡ್ಡಬೆಟ್ಟ. ಚರಿತ್ರೆ ನಡೆದ ಕ್ರಮವೂ ಅದೇ. ಬೆಳಗಿನ ಬಿಸಿಲು ಓರೆಯಾಗಿ ಬೀಳೋದರಿಂದ ಬಂಡೆಯ ಮೇಲಿನ ಅಕ್ಷರ ಚೆನ್ನಾಗಿ ಕಾಣುತ್ತೆ, ನೆತ್ತಿ ಮೇಲೆ ಸೂರ್ಯ ಬಂದ್ರೆ ಮಾಯ. ನೀರಿನ ಬಾಟಲಿ ತಗೊಂಡ್ಹೋಗಿ, ಖಾಲಿ ಬಾಟಲಿ ವಾಪಸ್ ತನ್ನಿ. ಶಾಸನಕ್ಕೆ ಬೇಲಿ ಇದ್ದರೂ ಇಲ್ಲದಿದ್ದರೂ ಅದರ ಮೇಲೆ ಕಾಲಿಡಬೇಡಿ, ಸೀಮೆಸುಣ್ಣ ಹಚ್ಚಿ ಓದೋಕೆ ಹೋಗಬೇಡಿ. ಫೋಟೋ ತೆಗೆದು ಮನೆಗೆ ಬಂದು ಅಕ್ಷರ ಅಕ್ಷರ ಕೂಡಿಸಿ ನೋಡಿ. ಹಳಗನ್ನಡ ಬರಲ್ಲ ಅಂತ ಹಿಂಜರೀಬೇಡಿ, ಒಂದೆರಡು ಅಕ್ಷರ ಗುರುತು ಸಿಕ್ಕರೂ ಆ ಖುಷಿಯೇ ಬೇರೆ.

ನಿಮ್ಮೂರ ಹತ್ತಿರವೂ ಇಂಥ ಒಂದು ಬೆಟ್ಟ ಇರುತ್ತೆ, ಮೇಲೊಂದು ಗುಡಿ, ಪಕ್ಕದಲ್ಲಿ ಯಾರೂ ಓದದ ಒಂದು ಕಲ್ಲು. ಅದರ ಬಗ್ಗೆ ಅಜ್ಜ ಅಜ್ಜಿ ಏನು ಹೇಳ್ತಾರೆ ಅಂತ ಕೇಳಿ, ನಮಗೂ ಬರೆದು ಕಳಿಸಿ. ಮುಂದಿನ ವಾರ ಇನ್ನೊಂದು ಊರಿನ ಕಥೆಯೊಂದಿಗೆ ಸಿಗ್ತೀನಿ. ಅಲ್ಲಿಯವರೆಗೆ ನಮಸ್ಕಾರ.